ಹಣವನ್ನು ಕೋರಿಗೆ ಕೊಟ್ಟಾಕೆ

ಯಲಬುರ್ಗಾ, ಕುಷ್ಟಗಿ ಕಡೆಯ ರೈತರಿಗೆ ಲಾವಣಿ ಯಾವುದು, ಕೋರು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಲಾವಣಿಯೆಂದರೆ ಮಳೆ ಬರಲಿ ಬಿಡಲಿ, ಮಾತಾಡಿದಷ್ಟು ರೊಕ್ಕ ಹೊಲದ ಒಡೆಯನಿಗೆ ಮುಟ್ಟಬೇಕು. ಕೋರಿನಲ್ಲಿ ಬೆಳೆದದ್ದರ ಪಾಲು. ಬೆಳೆ ಹೋದರೆ ಒಡೆಯನಿಗೂ ಇಲ್ಲ, ಉತ್ತವನಿಗೂ ಇಲ್ಲ. ಬೆಂಗಳೂರಿನ ಸುದ್ದಿಗಳಲ್ಲಿ ಕೇಳಿಬರುವ ‘ವೆಂಚರ್ ಕ್ಯಾಪಿಟಲ್’ ನಮಗೆ ಅಷ್ಟೇನೂ ದೂರದ್ದಲ್ಲ. ಬ್ಯಾಂಕಿನ ಸಾಲ ಲಾವಣಿಯಾದರೆ ಇದು ಕೋರು. ಹೊಸ ಕಂಪನಿಗೆ ದುಡ್ಡು ಹಾಕುವುದು, ಬಡ್ಡಿ ಕೇಳದೆ ಪಾಲು ಪಡೆಯುವುದು, ಮುಳುಗಿದರೆ ಜೊತೆಗೇ ಮುಳುಗುವುದು.

ಬೆಂಗಳೂರಿನಲ್ಲಿ ಈ ಕೋರಿನ ವ್ಯವಹಾರಕ್ಕೆ ಬಹಳ ಮೊದಲೇ ಇಳಿದ ಹೆಣ್ಣುಮಗಳು ವಾಣಿ ಕೋಲಾ. ಹುಟ್ಟಿದ್ದು ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಮುಂದಿನ ಓದಿಗೆ ಅಮೆರಿಕದ ಅರಿಜೋನಾಕ್ಕೆ ಹೋದರು. ಕೆಲ ವರ್ಷ ನೌಕರಿ ಮಾಡಿ, 1996ರಲ್ಲಿ ‘ರೈಟ್‌ವರ್ಕ್ಸ್’ ಎಂಬ ಸ್ವಂತ ಕಂಪನಿ ಕಟ್ಟಿದರು. ದೊಡ್ಡ ಕಂಪನಿಗಳು ತಮಗೆ ಬೇಕಾದ ಸಾಮಾನುಗಳನ್ನು ಇಂಟರ್‌ನೆಟ್ಟಿನಲ್ಲೇ ಖರೀದಿಸಲು ಬೇಕಾದ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. 2000ದಲ್ಲಿ ಇನ್ನೊಂದು ಸಂಸ್ಥೆ ಅದರ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸುಮಾರು 65 ಕೋಟಿ ಡಾಲರ್‌ಗೆ ಕೊಂಡಿತು. ಆದರೆ ಅದರಲ್ಲಿ ಬಹುಪಾಲು ನಗದಲ್ಲ, ಕೊಂಡ ಸಂಸ್ಥೆಯ ಷೇರು. ಅದೇ ವರ್ಷ, ಇಂಟರ್‌ನೆಟ್ ಕಂಪನಿಗಳ ಷೇರು ಬೆಲೆ ವಿಪರೀತ ಉಬ್ಬಿದ್ದ ಡಾಟ್‌ಕಾಂ ಗುಳ್ಳೆ ಒಡೆದು ಅಂಥ ಷೇರುಗಳೆಲ್ಲ ನೆಲಕಚ್ಚಿದವು. ಆ ಏಳುಬೀಳನ್ನು ಕಣ್ಣಾರೆ ಕಂಡ ಮೇಲೂ ಅವರು ಇನ್ನೊಂದು ಕಂಪನಿ ಕಟ್ಟಿದರು.

ಎರಡು ದಶಕ ಅಲ್ಲಿದ್ದು 2006ರಲ್ಲಿ ಭಾರತಕ್ಕೆ ಮರಳಿ ಬೆಂಗಳೂರಿನಲ್ಲಿ ನೆಲೆಸಿದರು. ಆಗಿನ್ನೂ ಆನ್‌ಲೈನ್ ಅಂಗಡಿ ಫ್ಲಿಪ್‌ಕಾರ್ಟ್ ಹುಟ್ಟಿರಲಿಲ್ಲ. ಕಂಪ್ಯೂಟರಿನ ಪೆಂಟಿಯಂ ಚಿಪ್‌ನ ಜನಕರೆಂದು ಹೆಸರಾದ ವಿನೋದ್ ಧಾಮ್ ಅವರೊಂದಿಗೆ ಸೇರಿ ಹೂಡಿಕೆ ನಿಧಿ ಆರಂಭಿಸಿದರು. ಅದೇ ಮುಂದೆ ‘ಕಲಾರಿ ಕ್ಯಾಪಿಟಲ್’ ಆಯಿತು. ಕೇರಳದ ಸಮರಕಲೆ ಕಳರಿಪಯಟ್ಟಿನಿಂದ ಬಂದ ಹೆಸರದು.

ಅವರ ಹಣ ಬಿದ್ದ ಹೊಲಗಳೆಲ್ಲ ಹಸಿರಾಗಲಿಲ್ಲ. ಆನ್‌ಲೈನಿನಲ್ಲಿ ಬಟ್ಟೆ ಮಾರುವ ಮಿಂತ್ರಾ ಬೆಳೆದು 2014ರಲ್ಲಿ ಫ್ಲಿಪ್‌ಕಾರ್ಟ್ ಪಾಲಾಯಿತು, ಒಳ್ಳೆ ಸುಗ್ಗಿ. ಇನ್ನೊಂದು ಆನ್‌ಲೈನ್ ಅಂಗಡಿ ಸ್ನ್ಯಾಪ್‌ಡೀಲ್ ಮುಗಿಲೆತ್ತರಕ್ಕೆ ಏರಿ ಇಳಿಯಿತು. ಪೀಠೋಪಕರಣ ಮಾರುತ್ತಿದ್ದ ಬೆಂಗಳೂರಿನ ಅರ್ಬನ್ ಲ್ಯಾಡರನ್ನು 2020ರಲ್ಲಿ ರಿಲಯನ್ಸ್ ಸುಮಾರು 182 ಕೋಟಿ ರೂಪಾಯಿಗೆ ಕೊಂಡಿತು. ಅದರಲ್ಲಿ ಹಲವರು ಹೂಡಿದ್ದ ಹಣ ಅದಕ್ಕಿಂತ ಎಷ್ಟೋ ಹೆಚ್ಚು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಕ್ರಿಕೆಟ್ ಆಟದ ಡ್ರೀಮ್ ಇಲೆವೆನ್ ನೂರು ಕೋಟಿ ಡಾಲರ್ ಬೆಲೆಯ ಕಂಪನಿಯಾಯಿತು. ಆದರೆ 2025ರಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಮೊಬೈಲ್ ಆಟದಲ್ಲಿ ದುಡಿಮೆ ಕಳೆದುಕೊಂಡ ಮನೆಗಳ ಸಂಕಟ ಕಂಡ ನನಗೆ ಆ ಕಾನೂನು ಬೇಕೇ ಇತ್ತು ಅನಿಸುತ್ತದೆ. ಲಾಭ ಬರುವ ಬೀಜವೆಲ್ಲ ಬಿತ್ತಬೇಕಾದ ಬೀಜವಲ್ಲ.

ನನಗೆ ಅವರ ಕೆಲಸದಲ್ಲಿ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ. 2021ರಲ್ಲಿ ಕಲಾರಿ, ಹೆಣ್ಣುಮಕ್ಕಳು ಕಟ್ಟುವ ಕಂಪನಿಗಳಿಗೆಂದೇ ಒಂದು ಕಾರ್ಯಕ್ರಮ ಆರಂಭಿಸಿತು. ಅದರ ಅಗತ್ಯ ಎಷ್ಟೆಂದು ತಿಳಿಯಲು ಹಿಂದಕ್ಕೆ ನೋಡಿದರೆ ಸಾಕು. 1978ರಲ್ಲಿ ಕಿರಣ್ ಮಜುಂದಾರ್ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಜೈವಿಕ ತಂತ್ರಜ್ಞಾನ ಕಂಪನಿ ಬಯೋಕಾನ್ ಆರಂಭಿಸಿದಾಗ, ಹೆಣ್ಣುಮಗಳೆಂಬ ಕಾರಣಕ್ಕೂ ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕಿದ್ದವು. 1981ರಲ್ಲಿ ಇನ್ಫೊಸಿಸ್ ಹುಟ್ಟಿದ್ದು ನಮ್ಮ ಶಿಗ್ಗಾವಿಯಲ್ಲಿ ಹುಟ್ಟಿದ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ ಹತ್ತು ಸಾವಿರದಿಂದ. ಅಡವಿಲ್ಲದೆ, ಬಡ್ಡಿಯಿಲ್ಲದೆ ಕೊಟ್ಟ ಹಣವದು. ಕೋರು ಅನ್ನದೆ ಮತ್ತೇನೆನ್ನೋಣ?

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ದುಡಿಯುವ ಕೈಗಳಿಗೇನೂ ಕೊರತೆಯಿಲ್ಲ, ಕೊರತೆ ಇಂಥ ಹಣದ್ದು. ಭಾಗ್ಯನಗರದಲ್ಲಿ ಹೆಣ್ಣುಮಕ್ಕಳು ಹಸನು ಮಾಡಿದ ತಲೆಗೂದಲು ಹೊರದೇಶಕ್ಕೆ ಹೋಗುತ್ತದೆ. ಗಂಗಾವತಿಯ ರೈಸ್‌ಮಿಲ್ಲುಗಳಿಂದ ಅಕ್ಕಿ ಊರೂರಿಗೆ ಹೋಗುತ್ತದೆ. ಕುಷ್ಟಗಿಯ ದಾಳಿಂಬೆ ತೋಟಗಳನ್ನು ಅಂಗಮಾರಿ ರೋಗ ಕಾಡುತ್ತದೆ. ರೋಗವನ್ನು ಎಲೆಯ ಫೋಟೊದಿಂದಲೇ ಗುರುತಿಸುವ ಮೊಬೈಲ್ ಆ್ಯಪ್ ಬರೆಯಲು, ಕೂದಲ ಕೆಲಸಕ್ಕೆ ಹಗುರವಾದ ಯಂತ್ರ ರೂಪಿಸಲು ಇಲ್ಲಿಯ ಎಂಜಿನಿಯರಿಂಗ್ ಓದಿದ ಹುಡುಗಿಗಿಂತ ಯಾರು ಬೇಕು? ಆದರೆ ಆಕೆಯ ಮದುವೆಗೆ ಹತ್ತು ಲಕ್ಷ ಹೊಂದಿಸುವ ಮನೆ, ಆಕೆಯ ಕಂಪನಿಗೆ ಒಂದು ಲಕ್ಷ ಕೊಡಲು ಹತ್ತು ಸಲ ಯೋಚಿಸುತ್ತದೆ.

ರಾಜ್ಯ ಸರ್ಕಾರದ ‘ಎಲಿವೇಟ್’ ಯೋಜನೆ 2017ರಿಂದ ನಡೆದಿದೆ. ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದು ಸಾಲವಲ್ಲ, ಪಾಲನ್ನೂ ಕೇಳುವುದಿಲ್ಲ. ಕೊಪ್ಪಳದ ತಂಗಿಯರೇ, ಮುಂದಿನ ಸಲ ಅರ್ಜಿ ಕರೆದಾಗ ನಿಮ್ಮ ಹೆಸರೂ ಅದರಲ್ಲಿರಲಿ.