ವಿಜಾಪುರ ರಸ್ತೆಯಲ್ಲಿ ಭೂಗೋಳದ ಪಾಠ

ಸೋಲಾಪುರದಿಂದ ವಿಜಯಪುರಕ್ಕೆ ಹೋಗುವ ವಿಜಾಪುರ ರಸ್ತೆ ಹಿಡಿದರೆ ಮೊದಲು ಸಿಗುವುದು ಕಂಬರ ತಲಾವ್ ಎಂದು ಜನ ಕರೆಯುವ ಸಂಭಾಜಿ ಕೆರೆ. ಊರು ಮುಗಿದ ಮೇಲೆ ಎರೆಹೊಲಗಳು, ಟಾಕಳಿಯ ಬಳಿ ಭೀಮಾ ನದಿ. ಸೇತುವೆ ದಾಟಿದರೆ ಧೂಳಖೇಡ, ಅಂದರೆ ಕರ್ನಾಟಕ. ಪದವಿಗೆ ಭೂಗೋಳ ಆಯ್ದುಕೊಂಡವರಿಗೆ ಈ ರಸ್ತೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು.

ಸೋಲಾಪುರ ಜಿಲ್ಲೆಯ ಕಾಲೇಜುಗಳು ಮೊದಲು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2004ರ ಆಗಸ್ಟ್ 1ರಂದು ಈ ಒಂದೇ ಜಿಲ್ಲೆಗೆಂದು ಸೋಲಾಪುರ ವಿಶ್ವವಿದ್ಯಾಲಯ ಹುಟ್ಟಿತು. 2019ರಲ್ಲಿ ಅದಕ್ಕೆ ಅಹಿಲ್ಯಾದೇವಿ ಹೋಳ್ಕರರ ಹೆಸರು ಬಂತು. ನದಿಯಾಚೆಗಿನ ವಿಜಯಪುರದ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ವಿಶ್ವವಿದ್ಯಾಲಯ ಬೇರೆಯಾದರೂ ಓದಬೇಕಾದ ನೆಲ ಒಂದೇ.

ಶಾಲೆಯಲ್ಲಿ ಭೂಗೋಳವೆಂದರೆ ಬೆಳೆ, ಖನಿಜ, ರಾಜಧಾನಿಗಳ ಪಟ್ಟಿ. ಪದವಿಯಲ್ಲಿ ಅದು ಕಾರಣ ಹುಡುಕುವ ವಿದ್ಯೆ. ಇಲ್ಲಿ ಹಿಂಗಾರಿ ಬಿಳಿಜೋಳವೇ ಏಕೆ? ಮುಂಗಾರು ಮೋಡಗಳು ಸಹ್ಯಾದ್ರಿಯಲ್ಲೇ ಬಹುಪಾಲು ಸುರಿದುಬಿಡುತ್ತವೆ. ಈ ಸೀಮೆ ಮಳೆಯ ನೆರಳಿನಲ್ಲಿದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲೂ ಸೆಪ್ಟೆಂಬರಿನದೇ ದೊಡ್ಡ ಪಾಲು. ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾದ ಕಪ್ಪುಕಲ್ಲು. ಅದು ಸವೆದು ಆದ ಎರೆಮಣ್ಣು ಸೆಪ್ಟೆಂಬರಿನ ಹಸಿಯನ್ನು ಚಳಿಗಾಲದವರೆಗೆ ಹಿಡಿದಿಡುತ್ತದೆ. ಮಾಲದಂಡಿ ಜೋಳ ತೆನೆ ಕಟ್ಟುವುದು ಆ ಹಸಿಯ ಮೇಲೆ. ಮಣ್ಣಿನ ಪದರ ತೆಳುವಾದ ಮಡ್ಡಿ ಹೊಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ರೈತನಿಗೆ ಅನುಭವದಿಂದ ಗೊತ್ತಿರುವುದನ್ನು ವಿದ್ಯಾರ್ಥಿ ಇಲ್ಲಿ ಅಳೆದು, ನಕ್ಷೆಗೆ ಇಳಿಸಿ ತೋರಿಸಬೇಕು.

ಆ ಅಳತೆಯ ಮೊದಲ ಪಾಠ ಟೋಪೋಶೀಟ್, ಅಂದರೆ ಸ್ಥಳಾಕೃತಿ ನಕ್ಷೆಯ ಹಾಳೆ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸಂಖ್ಯಾಕ್ರಮದಲ್ಲಿ ಸೋಲಾಪುರ ನಗರ 47 ಓ ಹಾಳೆಯಲ್ಲಿದೆ, ವಿಜಯಪುರ 47 ಪಿ ಹಾಳೆಯಲ್ಲಿ. 76 ಡಿಗ್ರಿ ರೇಖಾಂಶ ಸೋಲಾಪುರದ ಪೂರ್ವಕ್ಕೇ ಹಾಯುವುದರಿಂದ ಅಕ್ಕಲಕೋಟೆ 56 ಸಿ ಹಾಳೆಗೆ ಸೇರುತ್ತದೆ. ಈ ಸೀಮೆಯನ್ನು ಇಡಿಯಾಗಿ ಕಾಣಬೇಕಾದರೆ ಮೂರೂ ಹಾಳೆಗಳನ್ನು ಜೋಡಿಸಬೇಕು. ರಾಜ್ಯದ ಗಡಿ ಅವುಗಳಲ್ಲಿ ಒಂದು ಗೆರೆ ಮಾತ್ರ. ಸಮೋನ್ನತಿ ರೇಖೆಗಳೂ ಹಳ್ಳಗಳೂ ಅದನ್ನು ದಾಟಿ ಸಾಗುತ್ತವೆ.

ನೀರಿನ ಪಾಠಕ್ಕೆ ಟಾಕಳಿಗೇ ಹೋಗಬೇಕು. ಭೀಮಾಶಂಕರದಲ್ಲಿ ಹುಟ್ಟುವ ಭೀಮೆ 861 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಕೂಡುತ್ತಾಳೆ. ಸೀನಾ ನದಿ ಅವಳಿಗೆ ಸೇರುವ ಹತ್ತರಸಂಗ ಕೂಡಲ ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲಿದೆ. ಉಜನಿ ಜಲಾಶಯದಿಂದ ನದಿಗೆ ಬಿಟ್ಟ ನೀರು ಔಜ್ ಬಂಧಾರದಲ್ಲಿ ನಿಂತು, ಟಾಕಳಿಯಿಂದ ಸೋಲಾಪುರದ ನಲ್ಲಿಗಳಿಗೆ ಏರುತ್ತದೆ. ಎದುರು ದಡದ ಕರ್ನಾಟಕದ ಹಳ್ಳಿಗಳ ಕಣ್ಣೂ ಅದೇ ಹರಿವಿನ ಮೇಲೆ. ಯಾರಿಗೆ ಎಷ್ಟು, ಯಾವಾಗ ಎಂಬ ಪ್ರಶ್ನೆಗೆ ಒಂದೇ ದಡದ ನಕ್ಷೆ ಉತ್ತರ ಕೊಡಲಾರದು.

ಪ್ಲೇನ್ ಟೇಬಲ್, ಪ್ರಿಸ್ಮ್ಯಾಟಿಕ್ ಕಂಪಾಸ್, ಗ್ರಾಮ ಸಮೀಕ್ಷೆಗಳ ಜೊತೆಗೆ ಇಂದು ಉಪಗ್ರಹ ಚಿತ್ರ, ಜಿಐಎಸ್ ಕೂಡ ಪಾಠದಲ್ಲಿವೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮ ಸಡಿಲಿಸಿದ ಮೇಲೆ ಈ ಕೌಶಲಕ್ಕೆ ಖಾಸಗಿ ವಲಯದಲ್ಲೂ ದಾರಿ ತೆರೆದಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಈ ಓದು ಒದಗುತ್ತದೆ.

ಅಕ್ಕಲಕೋಟೆ, ದಕ್ಷಿಣ ಸೋಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳು ಕಾಲೇಜಿನಲ್ಲಿ ಮರಾಠಿಗೋ ಇಂಗ್ಲಿಷಿಗೋ ಹೊರಳಬೇಕಾಗುತ್ತದೆ. ಅದಕ್ಕೆ ಅಂಜಿ ಈ ವಿಷಯ ಬಿಡಬೇಡಿ; ಎರೆ, ಮಡ್ಡಿ, ಹಳ್ಳಗಳನ್ನು ಬಲ್ಲವರಿಗೆ ಅರ್ಧ ಪಾಠ ಬಂದಂತೆಯೇ. ಎರಡೂ ದಡದ ಅಧ್ಯಾಪಕರಲ್ಲಿ ಒಂದು ವಿನಂತಿ: ವರ್ಷಕ್ಕೊಮ್ಮೆಯಾದರೂ ನಿಮ್ಮ ವಿದ್ಯಾರ್ಥಿಗಳ ಕ್ಷೇತ್ರ ಅಧ್ಯಯನವನ್ನು ಭೀಮೆಯ ದಡದಲ್ಲಿ ಕೂಡಿಯೇ ನಡೆಸಿ, ಕನ್ನಡದಲ್ಲೂ ಒಂದು ವರದಿ ಬರೆಸಿ.