ಪೆಟ್ಟೋ, ವ್ಯಾಧಿಯೋ? ಮೆದುಳಿನ ರಕ್ತಸ್ರಾವ ಮತ್ತು ವಿಮಾ ದಾಖಲೆ

ನಮ್ಮ ಸದಸ್ಯರಲ್ಲಿ ಅನೇಕರು ನೌಕರರಿಗಾಗಿ ಸಮೂಹ ಆರೋಗ್ಯ ವಿಮೆಯನ್ನೂ ಪ್ರತ್ಯೇಕವಾಗಿ ಅಪಘಾತ ವಿಮೆಯನ್ನೂ ಮಾಡಿಸಿರುತ್ತಾರೆ. ಪ್ರೀಮಿಯಂ ರಸೀದಿಯನ್ನು ಕಡತಕ್ಕೆ ಸೇರಿಸಿದೊಡನೆ ಹೊಣೆ ಮುಗಿಯಿತೆಂದು ಭಾವಿಸುವುದುಂಟು. ಆದರೆ ಕ್ಲೇಮಿನ ಹಣೆಬರಹವು ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿಯ ಒಂದೆರಡು ಪದಗಳನ್ನು ಅವಲಂಬಿಸಬಹುದು. ಮೆದುಳಿನ ಸುತ್ತಲಿನ ರಕ್ತಸ್ರಾವವು ಇದಕ್ಕೆ ತಕ್ಕ ನಿದರ್ಶನ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದಲ್ಲಿ, ಪೆಟ್ಟಿಲ್ಲದೆ ಮೆದುಳಿನ ಹೊರಪೊರೆಯಡಿ ಉಂಟಾದ ಸಬ್‌ಡ್ಯೂರಲ್ ರಕ್ತಸ್ರಾವಕ್ಕೆ ಐ 62.0 ಎಂಬ ಸಂಕೇತವಿದೆ. ರಕ್ತನಾಳದ ಉಬ್ಬು ಒಡೆದು ನಡುವಣ ಪೊರೆಯಡಿ ಆಗುವ ಸಬ್‌ಅರಕ್ನಾಯ್ಡ್ ರಕ್ತಸ್ರಾವಕ್ಕೆ ಐ 60. ಇವು ರಕ್ತಪರಿಚಲನೆಯ ವ್ಯಾಧಿಗಳು. ಪೆಟ್ಟಿನಿಂದಾದರೆ ಇವೇ ಕ್ರಮವಾಗಿ ಎಸ್ 06.5 ಮತ್ತು ಎಸ್ 06.6 ಆಗಿ, ಗಾಯಗಳ ಅಧ್ಯಾಯಕ್ಕೆ ಸೇರುತ್ತವೆ. ಕಾರಣ ನಮೂದಿಸದೆ ವೈದ್ಯರು 'ಸಬ್‌ಡ್ಯೂರಲ್ ಹೆಮರೇಜ್' ಎಂದಷ್ಟೇ ಬರೆದರೆ ವರ್ಗೀಕರಣದ ಸೂಚಿಯು ಸಂಕೇತಕಾರನನ್ನು ವ್ಯಾಧಿಯ ಕಡೆಗೆ ಒಯ್ಯುತ್ತದೆ. 'ಸಬ್‌ಡ್ಯೂರಲ್ ಹೆಮಟೋಮಾ' ಎಂದಷ್ಟೇ ಬರೆದರೆ ಗಾಯದ ಕಡೆಗೆ! ವೈದ್ಯರ ಆಡುಮಾತಿನಲ್ಲಿ ಇವೆರಡೂ ಬಹುತೇಕ ಒಂದೇ. ವಿವರಣೆಯಿಲ್ಲದ ಜರ್ನಲ್ ನಮೂದನ್ನು ಕಂಡ ಲೆಕ್ಕಪರಿಶೋಧಕರಿಗೆ ಈ ಪಾಡು ಹೊಸದೇನಲ್ಲ.

ನಿಜಸ್ಥಿತಿಯೂ ಸರಳವಲ್ಲ. ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುವ ವೃದ್ಧರಿಗೆ ವಾರಗಳ ಹಿಂದೆ ಬಾಗಿಲ ಚೌಕಟ್ಟು ತಗುಲಿದ್ದು ನೆನಪಿರುವುದಿಲ್ಲ. ಏಣಿಯಿಂದ ಬಿದ್ದ ಕಾರ್ಮಿಕನಿಗೆ ಬಿದ್ದುದರಿಂದ ರಕ್ತಸ್ರಾವವಾಯಿತೋ, ರಕ್ತನಾಳ ಒಡೆದುದರಿಂದ ಅವನು ಬಿದ್ದನೋ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಅಪಘಾತ ವಿಮೆಯಲ್ಲಿ ಕುಟುಂಬಕ್ಕೆ ಪರಿಹಾರ ದೊರೆಯುವುದೂ ತಪ್ಪುವುದೂ ಇದರ ಮೇಲೆಯೇ.

ಆರೋಗ್ಯ ವಿಮೆಯು ಎರಡನ್ನೂ ಭರಿಸುತ್ತದಾದರೂ, ಹೊಸ ಪಾಲಿಸಿಯ ಮೊದಲ 30 ದಿನಗಳ ನಿರೀಕ್ಷಣಾ ಅವಧಿಯಲ್ಲಿ ಅಪಘಾತಕ್ಕೆ ಮಾತ್ರ ವಿನಾಯಿತಿ. ಸಮೂಹ ಪಾಲಿಸಿಯಲ್ಲಿ ಈ ಷರತ್ತನ್ನು ಕೈಬಿಡುವಂತೆ ಮೊದಲೇ ಚೌಕಾಸಿ ಮಾಡಬಹುದು. ಮಾಲೀಕರು ತಮ್ಮ ಸ್ವಂತ ಪಾಲಿಸಿಯಲ್ಲಿ ರಕ್ತದೊತ್ತಡವನ್ನು ಮುಚ್ಚಿಟ್ಟಿದ್ದರೆ, ಐ 60ರ ಜೊತೆಗೆ ಆ ರೋಗವೂ ದಾಖಲಾದೊಡನೆ ತಕರಾರು ಏಳುವ ಸಂಭವವಿದೆ. ಪೂರ್ವರೋಗಗಳ ನಿರೀಕ್ಷಣಾ ಅವಧಿಯ ಗರಿಷ್ಠ ಮಿತಿಯನ್ನು 2024ರಲ್ಲಿ 48ರಿಂದ 36 ತಿಂಗಳಿಗೆ ಇಳಿಸಲಾಗಿದೆ.

ಆದುದರಿಂದ ಆಸ್ಪತ್ರೆ ಬಿಡುವ ಮುನ್ನವೇ ಸಮ್ಮರಿಯನ್ನು ಓದತಕ್ಕದ್ದು. ರಕ್ತಸ್ರಾವದ ಸ್ಥಾನ, ಕಾರಣ, ಪೆಟ್ಟಿನ ಇತಿಹಾಸ, ಸೇವಿಸುತ್ತಿದ್ದ ಔಷಧಿ ಸ್ಪಷ್ಟವಾಗಿರಲಿ. ಆಸ್ಪತ್ರೆಯೇ ತುಂಬುವ ಕ್ಲೇಮ್ ಅರ್ಜಿಯ 'ಬಿ' ಭಾಗದಲ್ಲಿ ಐಸಿಡಿ ಸಂಕೇತದೊಂದಿಗೆ, ದಾಖಲಾತಿ ಗಾಯದಿಂದಲೇ ಎಂಬ ಪ್ರಶ್ನೆಯೂ ಇದೆ. ಎರಡೂ ಒಂದನ್ನೊಂದು ಅಲ್ಲಗಳೆಯಬಾರದು. ಸಂದೇಹವಿದ್ದಲ್ಲಿ ವೈದ್ಯರಿಂದ ಲಿಖಿತ ಸ್ಪಷ್ಟನೆ ಕೋರಬಹುದು. ಅನುಕೂಲಕರ ಸಂಕೇತ ಹಾಕಿಕೊಡಿರೆಂದು ಕೇಳುವುದು ಮಾತ್ರ ಸುಳ್ಳು ವೋಚರ್ ಕೇಳಿದಂತೆ. ಸ್ಕ್ಯಾನ್ ವರದಿ ವಿಮಾ ಕಂಪನಿಯ ಕೈಗೂ ಹೋಗುತ್ತದೆ.