ದೋಷಕ್ಕೊಂದು ಹೆಸರು

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಹೊರಟ ನೀರು ತಲಕಳಲೆಯ ಜಲಾಶಯವನ್ನು ಹಾಯ್ದು, ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸುವುದನ್ನು ವಾಚಕರು ಬಲ್ಲರು. ಅಲ್ಲಿ ಹುಟ್ಟಿದ ವಿದ್ಯುತ್ತು ತಂತಿಯನ್ನೇರಿ ಮಲೆನಾಡಿನ ಕಾಡುಗಳನ್ನು ದಾಟಬೇಕು. ಇಂತಹ ಮಾರ್ಗಕ್ಕೆ ಸಿಡಿಲು ಬಡಿಯಿತೆನ್ನೋಣ. ಪಿಂಗಾಣಿಯ ನಿರೋಧಕದ ಮೇಲೆ ಕಿಡಿ ಹಾಯುತ್ತದೆ. ರಿಲೇ ಅದನ್ನರಿತು ಮಂಡಲವನ್ನು ಕಡಿಯಿಸುತ್ತದೆ. ಕಿಡಿ ಆರಿದೊಡನೆ ಮಂಡಲವನ್ನು ಮತ್ತೆ ಕೂಡಿಸಬಹುದು. ಆದರೆ ಟ್ರಾನ್ಸ್‌ಫಾರ್ಮರಿನ ಒಡಲೊಳಗೆ ಸುರುಳಿ ಸುಟ್ಟು, ಎಣ್ಣೆಯಿಂದ ಅನಿಲವೆದ್ದರೆ? ಅದನ್ನು ಗುರುತಿಸುವುದು ಬುಕ್‌ಹೋಲ್ಟ್ಸ್ ರಿಲೇ. ಆಗ ಪರೀಕ್ಷಿಸದೆ ಮಂಡಲವನ್ನು ಕೂಡಿಸುವುದು ಬೆಂಕಿಯನ್ನು ಕರೆದಂತೆ. ಎರಡೆಡೆಯಲ್ಲೂ ವಿದ್ಯುತ್ತು ನಿಂತಿತು, ನಿಜ. 'ದೋಷ' ಎಂಬ ಒಂದೇ ದೀಪ ಹೊತ್ತಿದರೆ ಸಾಲದು. ಯಾವ ದೋಷವೆಂದು ಫಲಕವು ಹೇಳಬೇಕು.

ಕ್ಲೌಡಿನ ಪ್ರೋಗ್ರಾಮುಗಳಿಗೂ ಇದೇ ಅಗತ್ಯ. ಕ್ಲೌಡ್ ಎಂದರೆ ದೂರದ ಕೇಂದ್ರಗಳಲ್ಲಿ ಬಾಡಿಗೆಗೆ ದೊರೆಯುವ ಕಂಪ್ಯೂಟರುಗಳು. ಕಡತದಲ್ಲಿ ಬರೆದುಕೊಟ್ಟಂತೆ ಅವನ್ನು ಸಜ್ಜುಗೊಳಿಸುವ ಸಾಧನಗಳಲ್ಲಿ 2012ರಲ್ಲಿ ಹೊರಬಂದ ಆನ್ಸಿಬಲ್ ಒಂದು. ಅದು ಪೈಥಾನ್ ಭಾಷೆಯಲ್ಲಿ ರಚಿತವಾದುದು. ಕೆಲಸ ಕೆಟ್ಟಾಗ ಪೈಥಾನ್ ಒಂದು ಸೂಚನೆಯನ್ನು ಮೇಲಕ್ಕೆ ಕಳುಹಿಸುತ್ತದೆ, ಅದೇ ಎಕ್ಸೆಪ್ಷನ್. ಹಿಡಿಯುವವರಿಲ್ಲದಿದ್ದರೆ ಪ್ರೋಗ್ರಾಮು ಅಲ್ಲಿಗೇ ನಿಲ್ಲುತ್ತದೆ. ಭಾಷೆಯೊಡನೆ ಬರುವ ಹೆಸರುಗಳು ತೀರ ಸಾಮಾನ್ಯವಾದುವು. ತಪ್ಪು ಕಡತದ್ದೋ ಸಂಪರ್ಕದ್ದೋ ಅವುಗಳಿಂದ ತಿಳಿಯದೆ ಹೋಗಬಹುದು. ಆದುದರಿಂದ ಆನ್ಸಿಬಲ್ ತನ್ನವೇ ವರ್ಗಗಳನ್ನು ಇಟ್ಟುಕೊಂಡಿದೆ. ಮೂಲದಲ್ಲಿ 'ಆನ್ಸಿಬಲ್‌ಎರರ್'; ಅದರ ಸಂತತಿಯಲ್ಲಿ, ಕಡತವನ್ನು ಅರ್ಥೈಸಲಾಗದಾಗ 'ಆನ್ಸಿಬಲ್‌ಪಾರ್ಸರ್‌ಎರರ್', ಸಂಪರ್ಕ ತಪ್ಪಿದಾಗ 'ಆನ್ಸಿಬಲ್‌ಕನೆಕ್ಷನ್‌ಫೇಲ್ಯೂರ್'.

ಹೊಸ ವರ್ಗವನ್ನು ರಚಿಸುವುದು ಎರಡು ಸಾಲಿನ ಕೆಲಸ: ಹೆಸರಿಟ್ಟು, ಕಂಸದಲ್ಲಿ ತಾಯಿವರ್ಗವನ್ನು ಸೂಚಿಸಿದರಾಯಿತು. ಕಷ್ಟವೆಲ್ಲ ಎಷ್ಟು ಹೆಸರು ಬೇಕೆಂಬುದರಲ್ಲಿದೆ. ಮುಂದೆ ಮಾಡಬೇಕಾದ ಕೆಲಸ ಬೇರೆಯಾದಾಗ ಮಾತ್ರ ಹೆಸರೂ ಬೇರೆಯಾಗಬೇಕೆಂದು ನಮ್ಮ ಅಭಿಪ್ರಾಯ. ಸಂಪರ್ಕ ತಪ್ಪಿದರೆ ತುಸು ತಡೆದು ಮತ್ತೆ ಯತ್ನಿಸಬಹುದು. ಇದು ಸಿಡಿಲಿನ ಬಗೆಯ ದೋಷ. ಕಡತವೇ ತಪ್ಪಾಗಿದ್ದರೆ ನೂರು ಸಲ ಯತ್ನಿಸಿದರೂ ಫಲ ಒಂದೇ. ಹಿಡಿಯುವಾಗ ಮಕ್ಕಳನ್ನು ಮೊದಲು, ತಾಯಿಯನ್ನು ಕಡೆಗೆ ಬರೆಯಬೇಕು. ಪೈಥಾನ್ ಮೇಲಿನಿಂದ ನೋಡುತ್ತ ಬಂದು ಮೊದಲು ಹೊಂದಿದುದನ್ನೇ ಆರಿಸುವುದರಿಂದ, ತಾಯಿ ಮೇಲಿದ್ದರೆ ಮಕ್ಕಳ ಸರದಿ ಬರುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. 'ಹೊಸ ಕಂಪ್ಯೂಟರೊಂದನ್ನು ಕೊಡು' ಎಂದು ಕೇಳಿ ಉತ್ತರ ಬಾರದಿದ್ದರೆ, ಕೋರಿಕೆ ತಲುಪಲಿಲ್ಲವೆಂದು ಹೇಳಲಾಗದು. ಉತ್ತರವೇ ದಾರಿಯಲ್ಲಿ ಕಳೆದಿರಬಹುದು. ಮತ್ತೆ ಕೇಳಿದರೆ ಎರಡು ಕಂಪ್ಯೂಟರುಗಳಿಗೆ ಬಾಡಿಗೆ ತೆರಬೇಕಾದೀತು. ಆದುದರಿಂದ 'ತಲುಪಲಿಲ್ಲ' ಎಂಬುದಕ್ಕೂ 'ತಲುಪಿತೋ ಇಲ್ಲವೋ ತಿಳಿಯದು' ಎಂಬುದಕ್ಕೂ ಬೇರೆ ಬೇರೆ ವರ್ಗಗಳು ಬೇಕು. ಎರಡನೆಯದು ಬಂದಾಗ ಪ್ರೋಗ್ರಾಮು ಈಗಾಗಲೇ ಎಷ್ಟು ಕಂಪ್ಯೂಟರುಗಳಿವೆಯೆಂದು ಎಣಿಸಿ, ಅನಂತರವೇ ಮತ್ತೆ ಕೇಳಬೇಕು.